ಚಿಪ್ಪಿಗಿ ಒಂದು ಜಾಗಾ

ತೊಗರಿಬ್ಯಾಳಿ ಇಳಿಸಿ ಕಾರವಾರದಿಂದ ಖಾಲಿ ಬರೋ ಲಾರ್ಯಾಗ
ಮೈನುದ್ದೀನ ಇದನ್ನ ತಂದ.
ಗೋಣಿಚೀಲದ ಮ್ಯಾಲ ಮಲಗಿತ್ತು, ಮೈತುಂಬ ಬ್ಯಾಳಿಹುಡಿ,
ಕಿವಿಯೊಳಗ ಇನ್ನೂ ಚಿಟಿಕಿ ಉಸುಕು.

ತಮ್ಮ ಫೋನಿನಾಗ ಹೇಳಿದ್ದ:
ಅಕ್ಕಾ, ಇದರ ಹೆಸರು ಚಿಪ್ಪಿ.
ಮುಂಜಾನಿ ಒಂದು ತಾಸು ದಂಡಿಮ್ಯಾಲ ಓಡಬೇಕು,
ಇಲ್ಲಂದ್ರ ಊಟ ಮುಟ್ಟಂಗಿಲ್ಲ.
ಅವಗ ದಿಲ್ಲಿಗಿ ವರ್ಗ ಆಗಿತ್ತು. ಆರನೇ ಅಂತಸ್ತು.
ನಾ ಕಲಬುರಗಿ ನಕಾಶಿ ಬಿಚ್ಚಿ ನೋಡಿದೆ.
ನಕ್ಕು ಮಡಚಿಟ್ಟೆ.

ಗಾರ್ಡನ್ನಿಗಿ ಹೋದ್ವಿ.
ಗೇಟಿನಾಗ ಭೀಮಶಾ ಸೀಟಿ ಊದಿದ:
"ಬಾಯಾರ, ಬೋರ್ಡ್ ಓದ್ರಿ.
ಹೂ ಕೀಳಂಗಿಲ್ಲ, ನಾಯಿ ತರಂಗಿಲ್ಲ."
ಒಳಗ ಬೆಂಚಿನ ಕೆಳಗ ಮೂರು ನಾಯಿ
ಕಾಲು ಚಾಚಿ ಮಲಗಿದ್ವು.
"ಅವು?"
"ಅವ್ನ ಯಾರೂ ತಂದಿಲ್ಲರಿ."

ಕಾಲೋನಿ ಪಾರ್ಕಿಗಿ ಕೀಲಿ.
ಕೀಲಿಕೈ ಅಧ್ಯಕ್ಷರ ಕಿಸೇದಾಗ,
ಅಧ್ಯಕ್ಷರು ಹೈದರಾಬಾದಿನಾಗ.
ಕ್ವಾಟಿಗಿ ಹೋದ್ರ
ಅಲ್ಲಿನ ಏಳು ನಾಯಿ ಮುರಿದ ಬಾಗಲದಾಗ
ಸಾಲಾಗಿ ಎದ್ದು ನಿಂತು
ಕಾಗದಪತ್ರ ಕೇಳಿದ್ವು.

ರೊಟ್ಟಿ ಮೂಸಿ ಮಕಾ ತಿರುವ್ತು.
ಬಾಜಾರದಾಗ ಹುಡುಕಿ ಒಣಮೀನ ತಂದೆ,
ಮ್ಯಾಲಿನ ಮನಿಯವರು ಎರಡು ದಿನ ಮಾತಾಡ್ಲಿಲ್ಲ.

ಅಪ್ಪನ ಕೆರಿ ಒಂದು ಉಳದಿತ್ತು.
ನೀರು ಕಂಡಕೂಡ್ಲೆ ಹಗ್ಗ ನನ್ನ ಅಂಗೈ ಕೊಯ್ದು ಹೋಯ್ತು.
ದಂಡಿಗಿ ಓಡಿ, ಬಗ್ಗಿ, ಒಂದು ಗುಟುಕು ಕುಡಿದು
ನಿಂತುಬಿಡ್ತು.
ಉಪ್ಪಿಲ್ಲ.
ತೆರಿ ಬರ್ತಾವೇನಂತ ಸ್ವಲ್ಪ ಹೊತ್ತು ಕಾದು
ನನ್ನ ಕಡಿ ತಿರುಗಿ ನೋಡಿದ್ದು ಹ್ಯಾಂಗಂದ್ರ,
ತೂಕದಾಗ ಮೋಸ ಹೋದ ರೈತ
ನಮ್ಮ ಮಿಲ್ಲಿನ ಕಾಂಟಾ ನೋಡಿದಂಗ.
ಡಾಕ್ಟರು ಹೇಳ್ಯಾರಂತ ನಡಿಯೋ ಮಂದಿ
ದೂರ ಸರದು ಕೇಳ್ತಿದ್ರು: "ಕಚ್ತದೇನ್ರಿ?"
"ಇಲ್ರೀ," ಅಂದೆ, "ಹುಡುಕ್ತದ."

ಐತವಾರ, ಯಾಕ ಅಂತ ನನಗೂ ಗೊತ್ತಿಲ್ಲ,
ಸ್ಕೂಟಿ ಮುಂದ ಕಾಲಸಂದ್ಯಾಗ ಕೂಡಿಸ್ಕೊಂಡು
ಶಹಾಬಾದ ಕಡಿ ಹೋದೆ.
ರಸ್ತಾ ಬಿಟ್ಟು ಒಳಗ ಹಳೇ ಖಣಿ,
ಹೋಳಗಿ ಒಟ್ಟಿದಂಗ ಫರಸಿ,
ಅದರ ನೆಳ್ಳಿಗಿ ಕುಂತು ಛಾಣ ಬಡಿಯೋ ತಿಪ್ಪವ್ವ.
ಹಗ್ಗ ಬಿಚ್ಚಿದೆ. ಬೋರ್ಡ್ ಇರಲಿಲ್ಲ.

ಚಿಪ್ಪಿ ಓಡ್ತು. ಅಯ್ಯಯ್ಯ, ಏನು ಓಟ!
ಬೂದಿಬಣ್ಣದ ಬಯಲು, ಗಾಳಿ, ಉಗುರಿನ ಸಪ್ಪಳ,
ಒಮ್ಮೆ ಈ ತುದಿ ಒಮ್ಮೆ ಆ ತುದಿ,
ಆಮ್ಯಾಲ ಒಂದು ಕಲ್ಲಿನ ಮುಂದ ಗಕ್ಕನ ನಿಂತು
ಮೂಗು ಹಚ್ಚಿ, ಸೀನಿ,
ಎರಡೂ ಮುಂಗಾಲಿಲೆ ಕೆದರಲಕತ್ತು.

ಕಲ್ಲಿನ ಮ್ಯಾಲ ಬೆರಳಗಲ ಬೆರಳಗಲ ಗೆರಿ,
ಒಂದರ ಹಿಂದ ಒಂದು, ಸ್ವಲ್ಪ ಸ್ವಲ್ಪ ಬಾಗಿ.
"ಅದು ಯಾರೂ ಒಯ್ಯಂಗಿಲ್ಲವ್ವ," ಅಂದಳು ತಿಪ್ಪವ್ವ,
"ಡೊಂಕದ, ಪಾಲಿಶ್ ಕೂಡಂಗಿಲ್ಲ.
ಯಾರೋ ಮಾಸ್ತರ ಬಂದಿದ್ದ,
ಇಲ್ಲಿ ಸಮುದ್ರ ಇತ್ತು, ಇವು ಅದರ ತೆರಿ ಗುರುತು ಅಂದ.
ಇತ್ತೇನೋ.
ನಮ್ಮ ಕೂಲಿಯಂತೂ ಹೆಚ್ಚಾಗಲಿಲ್ಲ."

ಆವತ್ತು ರೊಟ್ಟಿ ತಿಂತು. ಎರಡೂವರಿ.
ತಿಂದು, ಅಡಗಿಮನಿ ನೆಲಕ್ಕ ಹೊಟ್ಟಿ ಹಚ್ಚಿ,
ಗದ್ದ ಊರಿ, ಮಲಗ್ತು.
ಅದೂ ಶಹಾಬಾದ ಫರಸಿ.
ಇಪ್ಪತ್ತೆರಡು ವರ್ಷ ಎರಡು ಹೊತ್ತು ಬಗ್ಗಿ ಬಗ್ಗಿ
ನಾ ಒರಸಿದ್ದು
ಏನಂತ ಯಾರೂ ಹೇಳಿರಲಿಲ್ಲ.

ರಾತ್ರಿ ದಿಲ್ಲಿಯಿಂದ ಫೋನ್:
"ಅಕ್ಕಾ, ದಂಡಿ ಸಿಕ್ತೇನು?"
"ಸಿಕ್ಕದ," ಅಂದೆ. "ಭಾಳ ದೊಡ್ಡದದ.
ನೀರೊಂದು ಇನ್ನೂ ಬಿಟ್ಟಿಲ್ಲ."