ರೈಟ್

ನಿಘಂಟಿನಲ್ಲಿ ಅದಕ್ಕೆ ಸರಿ, ಬಲಗಡೆ, ಹಕ್ಕು.
ಗಂಗರತ್ನಳ ಬಾಯಲ್ಲಿ ಒಂದೇ ಅರ್ಥ:
ಹೊರಡು.

ಮತ್ತಿಕೆರೆ ಸ್ಟಾಪಿನಲ್ಲಿ ಸೊಪ್ಪಿನ ಮೂಟೆ ಹತ್ತಿತು,
ಮೂಟೆಯ ಹಿಂದೆ ಮುದುಕಿ. ರೈಟ್.
ಚಿಲ್ಲರೆ ಇಲ್ಲದವನ ಟಿಕೆಟ್ಟಿನ ಬೆನ್ನಿಗೆ
ಎಂಟು ರೂಪಾಯಿ ಗೀಚಿ, ರೈಟ್.
ಹುಡುಗನ ಒಂದು ಕಾಲು ಮೆಟ್ಟಿಲ ಮೇಲೆ,
ಇನ್ನೊಂದು ಗಾಳಿಯಲ್ಲಿ;
ಅದು ಹೇಗೆ ಸರಿಯೋ, ಆದರೂ ರೈಟ್.

ಯಶವಂತಪುರದ ಸಿಗ್ನಲ್ಲಿನಲ್ಲಿ
ಡ್ರೈವರ್ ಮಹಬೂಬಣ್ಣ ಎಡಕ್ಕೆ ತಿರುಗಿಸುತ್ತಾನೆ,
ಇವಳು ಹಿಂದಿನಿಂದ ಕೂಗುತ್ತಾಳೆ, ರೈಟ್ ರೈಟ್.
ಯಾರೂ ನಗುವುದಿಲ್ಲ.

ರಾತ್ರಿ ಮಗಳು ಲೆಕ್ಕದ ಪುಸ್ತಕ ಚಾಚಿ
'ಅಮ್ಮಾ, ಸರಿಯಿದ್ರೆ ರೈಟ್ ಹಾಕು' ಅಂದಳು.
ಬೆರಳ ತುದಿಯಲ್ಲಿ ಇನ್ನೂ ಟಿಕೆಟ್ಟಿನ ಮಸಿ,
ಕೈಗೆ ಕೆಂಪು ಪೆನ್ನು.
ಏಳನೇ ಲೆಕ್ಕ. ಬಿಡಿಯ ಮನೆಯಿಂದ ಹೊರಟ ಒಂದು
ಹತ್ತರ ಮನೆ ಸೇರದೆ
ಹೊರಗೇ ನಿಂತಿದೆ.

ಹಗಲೆಲ್ಲ ಲೆಕ್ಕವಿಲ್ಲದೆ ರೈಟ್ ಅಂದವಳು
ಪೆನ್ನು ಎತ್ತಿ ಹಿಡಿದೇ ಕೂತಳು.
ಅನ್ನದ ಕುಕ್ಕರ್ ಒಂದು ಸಲ ಸೀಟಿ ಹೊಡೆಯಿತು.

ಆಮೇಲೆ, ಹಿಂಬದಿ ಬಾಗಿಲಿಂದ
ಡ್ರೈವರಿಗೆ ಕೇಳುವಷ್ಟು ಜೋರಾಗಿ:
ಹೋಲ್ಡಾನ್,
ಒಬ್ಬರು ಹತ್ತಿಲ್ಲ.