ಯಾರ ಪೈಕಿ

ರಾತ್ರಿ ಎರಡೂ ಕಾಲು. ಬಂಗಾರಪೇಟೆ, ಸ್ಟೇಷನ್ ರಸ್ತೆ,
ಬ್ಯಾಟರಿ ಅಂಗಡಿಯ ಮೇಲೆ ಒಂದೇ ಕೋಣೆ.
ಹೊರಗೆ ಕೇಬಲ್ ಆಫೀಸು ಅಂತ ಬೋರ್ಡು, ಒಳಗೆ
ನಾನು, ಒಂದು ಫ್ಯಾನು, ಏಳುನೂರ ಹದಿನಾಲ್ಕು ಮನೆಗಳ ಇಂಟರ್‌ನೆಟ್ಟು.
ಜೋಲಾರಪೇಟೆ ಕಡೆಯ ಗೂಡ್ಸು ಹೋದಾಗಲೆಲ್ಲ
ಟೀ ಲೋಟ ಒಂದಿಷ್ಟು ಸರಿಯುತ್ತದೆ.

ಯಾರೋ ಬಾಗಿಲು ಬಡಿಯುತ್ತಿದ್ದಾರೆ.
ಈ ಬಾಗಿಲಲ್ಲ. ರೌಟರಿನ ಇಪ್ಪತ್ತೆರಡನೇ ಬಾಗಿಲು,
ಸೆಕೆಂಡಿಗೆ ನಾಲ್ಕು ಸಲ,
ಸಲಕ್ಕೊಂದು ಹೆಸರು ಹೇಳಿಕೊಂಡು:
ರೂಟ್ ಅಂತೆ, ಅಡ್ಮಿನ್ ಅಂತೆ, ಟೆಸ್ಟ್ ಅಂತೆ, ಒಮ್ಮೆ ಮಾರಿಯಾ ಅಂತೆ.
ನಂಬರು ಮಾತ್ರ ಒಂದೇ.

ಕಪ್ಪು ಪರದೆಯಲ್ಲಿ ಟೈಪು ಮಾಡುತ್ತೇನೆ: ಹೂ ಈಸ್,
ಒಂದು ಸ್ಪೇಸು, ಆ ನಂಬರು, ಎಂಟರ್.

ಕೆಲಸಕ್ಕೆ ಸೇರಿದ ಹೊಸದರಲ್ಲಿ
ಮನೆಯಲ್ಲಿ ಕೂತು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ.
ಪಿಳ್ಳಮ್ಮಜ್ಜಿ ಒಳಗಿಂದ ಕೂಗಿದ್ದಳು:
'ಹೂ ಈಸ್ಕೊಂಡು ಯಾರಿಗೋ ಕೊಡ್ತೀಯ?'
ಹೂವಲ್ಲಜ್ಜಿ, ಇದು ಯಾರು ಅಂತ ಕೇಳೋದು, ಅಂದೆ.
'ಅದಕ್ಕೂ ಮಿಶಿನ್ ಬೇಕಾ?
ನಮ್ಮನ್ನ ಎಲ್ರೂ ಬಾಯಲ್ಲೇ ಕೇಳವ್ರೆ.'

ಉತ್ತರ ಒಂದೇಟಿಗೆ ಬರುವುದಿಲ್ಲ.
ಮೊದಲ ಕೌಂಟರು: ನಮ್ಮಲ್ಲಿಲ್ಲ, ಆ ಖಂಡದವರನ್ನು ಕೇಳು.
ಆ ಖಂಡದವರೋ, ಶೇಕಡಾ ಗುರುತು ಹಾಕಿದ ಸಾಲುಗಳಲ್ಲಿ
ಮೊದಲು ಷರತ್ತು ಓದಿಸುತ್ತಾರೆ, ತಾಲ್ಲೂಕು ಕಚೇರಿಯ ಗೋಡೆಯ ಹಾಗೆ.
ಆಮೇಲೆ ಪಹಣಿ ಬಿಚ್ಚಿಕೊಳ್ಳುತ್ತದೆ:
ಇಲ್ಲಿಂದ ಇಲ್ಲಿಯವರೆಗೆ ಸಾವಿರದ ಇಪ್ಪತ್ನಾಲ್ಕು ನಂಬರು,
ಇಂಥ ಕಂಪನಿ, ಇಂಥ ದೇಶ, ಇಂಥ ಅಂಚೆಪೆಟ್ಟಿಗೆ,
ಕೊನೆಯ ತಿದ್ದುಪಡಿ ಹನ್ನೊಂದು ವರ್ಷದ ಕೆಳಗೆ.
ದೂರಿಗೆ ಅಂತ ಒಂದು ಇಮೇಲು.
ಬರೆದೆ. ಅರ್ಧ ನಿಮಿಷಕ್ಕೆ ವಾಪಸ್ಸು ಬಂತು:
ಅಂಥವರು ಇಲ್ಲಿ ಯಾರೂ ಇಲ್ಲ.

ಬಡಿತ ನಿಂತಿಲ್ಲ.

ಅಜ್ಜಿ ಹುಣಸೆಹಣ್ಣು ಬಡಿಯಲು ಹೋಗುತ್ತಿದ್ದ ಮನೆಗಳಲ್ಲಿ
ನೀರು ಎಷ್ಟು ಎತ್ತರದಿಂದ ಬೀಳಬೇಕು ಅನ್ನುವುದು
ಅವಳು ಕೊಡುವ ಉತ್ತರದ ಮೇಲಿತ್ತು.
ನಾನು ರೂಮು ಹುಡುಕುವ ಹೊತ್ತಿಗೆ ಪ್ರಶ್ನೆ ನಾಜೂಕಾಗಿತ್ತು.
ಪೂರ್ತಿ ಹೆಸರೇನು? ಅಪ್ಪನ ಹೆಸರು?
ಊರಲ್ಲಿ ಯಾವ ಕಡೆ ಬರುತ್ತೆ ಮನೆ?
ಒಂದು ಕೌಂಟರಿನಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ.
ಬಾಡಿಗೆ ಮಾತು ಬರಲೇ ಇಲ್ಲ.

ಸುಮ್ಮನೆ, ನಮ್ಮದೇ ನಂಬರು ಹಾಕಿ ಕೇಳುತ್ತೇನೆ.
ಇನ್ನೂರ ಐವತ್ತಾರು ನಂಬರಿನ ಸಣ್ಣ ಹಿಡುವಳಿ.
ಬ್ಯಾಟರಿ ಅಂಗಡಿ ಮೇಲೆ, ಮೊದಲ ಮಹಡಿ.
ಟೆಕ್ನಿಕಲ್ ಸಂಪರ್ಕ: ಜಿ. ಅಬಯ್ಯ.
ಅಬ್ಬಯ್ಯ ಆಗಬೇಕಿತ್ತು,
ಫಾರಂ ತುಂಬುವಾಗ ರಿಯಾಜಣ್ಣನಿಗೆ ಅವಸರ, ಒತ್ತು ಬಿದ್ದುಹೋಗಿದೆ.
ಮೊಬೈಲು ನಂಬರು. ತಾರೀಖು.
ಕೆಳಗೆ ಇನ್ನೊಂದು ಕಾಲಂ ಇದ್ದೀತು ಅಂತ
ಬಾಣದ ಕೀ ಒತ್ತಿ ನೋಡಿದೆ. ಇಲ್ಲ.
ಮಿಣುಕುವ ಕರ್ಸರು, ಅಷ್ಟೇ.

ಖುಷಿಯಾಯಿತು ಅನ್ನಲಾರೆ.
ಹಲ್ಲು ಕೀಳಿಸಿಕೊಂಡ ಮೇಲೂ
ನಾಲಿಗೆ ಅಲ್ಲಿಗೇ ಹೋಗುತ್ತಿರುತ್ತದಲ್ಲ, ಹಾಗೆ.

ಮತ್ತೆ, ಬಡಿಯುತ್ತಿದ್ದವನಿಗೆ ನಾನೂ ಕೇಳಿದ್ದು ಅದನ್ನೇ.
ಒಳಗಿದ್ದವರು ಕೇಳುವುದು ಅದನ್ನೇ.
ಒಂದು ಸಾಲು ಬರೆದು ತಡೆ ಹಾಕಿದೆ. ಏಳುನೂರು ಮನೆ ಇವೆ.
ಲಾಗು ಖಾಲಿಯಾಯಿತು. ಫ್ಯಾನಿನ ಸದ್ದು ಈಗ ಕೇಳಿಸಿತು.

ಬೆಳಗ್ಗೆ ಹತ್ತಕ್ಕೆ ದೇಶಿಹಳ್ಳಿಯಲ್ಲೊಂದು ಮನೆ, ಸಿಗ್ನಲ್ ಇಲ್ಲ.
ಸ್ಟೂಲು ಹತ್ತಿ ವೈರಿನ ತುದಿ ಕತ್ತರಿಸುವಾಗ
ಆಯಮ್ಮ ಕೆಳಗಿಂದ ಕೇಳಿದಳು,
'ಯಾವೂರಪ್ಪ? ಯಾರ ಪೈಕಿ?'
ನಿದ್ದೆಗಣ್ಣು, ಬಾಯಿ ತಾನಾಗಿ ಆಡಿತು:
ಸೊನ್ನೆಯಿಂದ ಇನ್ನೂರ ಐವತ್ತೈದರ ಪೈಕಿ, ಅಮ್ಮ.

ಒಂದು ಗಳಿಗೆ ನನ್ನನ್ನೇ ನೋಡಿ ಒಳಗೆ ಹೋದಳು.
ನೀರು ತರುವುದಕ್ಕೋ,
ಅತ್ತೆಯನ್ನು ಕೇಳುವುದಕ್ಕೋ.
ವೈರು ಹಿಡಿದು ನಿಂತಿದ್ದೇನೆ.