ಸವೆಯಲೆಂದೇ ಮಾಡಿದ್ದು

ಮುಟ್ಟಿ ನೋಡು, ಸಂಕೋಚ ಬೇಡ.
ಎಲಿಯಾವಾ ಪೇಟೆಯಲ್ಲಿ ಮುಟ್ಟಿದ್ದಕ್ಕೆ ದುಡ್ಡಿಲ್ಲ.
ಎರಡು ಡಬ್ಬ, ಎರಡರಲ್ಲೂ ನಾಲ್ಕು ನಾಲ್ಕು ಬ್ರೇಕ್ ಪ್ಯಾಡು.
ಇದಕ್ಕೆ ನಲವತ್ತು ಲರಿ, ಅದಕ್ಕೆ ನೂರಾ ಮೂವತ್ತು.
ಒಂದೇ ಬಣ್ಣ, ಒಂದೇ ಹೆಸರು ಅನ್ನುತ್ತೆ ನಿನ್ನ ಕಣ್ಣು.
ಬಾಯಿಬಿಟ್ಟು ಓದು, ಎಲ್ಗುಜಾ:
ಅಗ್ಗದ ಡಬ್ಬದ ಹೆಸರಲ್ಲಿ ಒಂದಕ್ಷರ ಮಾಯ,
ಮದುವೆ ಊಟದಲ್ಲಿ ಚಮಚ ಜೇಬಿಗಿಳಿಸೋ ನೆಂಟ
ಎದ್ದು ಹೋದ ಮೇಲಿನ ಮೇಜಿನ ಹಾಗೆ.

ಈಗ ತೂಗು. ತಕ್ಕಡಿ ಬೇಡ, ಅಂಗೈ ಸಾಕು.
ಇದು ಬಿಸ್ಕತ್ತು,
ಅದಕ್ಕೆ ಕಬ್ಬಿಣದ ಬೆನ್ನಿದೆ.
ಅಂಚಿನ ಮೇಲೆ ಬೆರಳಾಡಿಸು. ಜೋಕೆ, ಕೊಯ್ದೀತು,
ಉಜ್ಜಿ ನಯಮಾಡುವ ವ್ಯವಧಾನ ಅವರಿಗಿರಲಿಲ್ಲ.
ಮೂಸು. ನಗಬೇಡ, ಮೂಸು;
ಖರಬೂಜ ಆರಿಸುವಾಗ ನಿಮ್ಮಮ್ಮ ಮೂಸೋಲ್ಲವೆ?
ಇದರಲ್ಲಿ ಸುಟ್ಟ ಅಂಟು. ಅದರಲ್ಲಿ ಏನೂ ಇಲ್ಲ.
ಏನೂ ಇಲ್ಲದಿರೋದೇ ಒಳ್ಳೆಯದರ ವಾಸನೆ.

ನಿನ್ನ ಡೆಲಿಕಾ ನನಗೆ ಗೊತ್ತು,
ಜಪಾನಿನಲ್ಲಿ ಮುದಿಯಾಗಿ ಇಲ್ಲಿ ಮದುಮಗನಾದ ಗಾಡಿ.
ಸ್ಟಿಯರಿಂಗು ಬಲಕ್ಕೆ, ಒಮ್ಮೊಮ್ಮೆ ಪ್ರಪಾತವೂ ಬಲಕ್ಕೆ.
ಹತ್ತು ಜನ, ಅವರ ಮೂಟೆ, ಮೇಲೊಂದು ಕುರಿ,
ಅಬಾನೊ ಘಾಟಿ ದಾಟಿ ಓಮಾಲೊಗೆ.
ಹತ್ತೋದು ಎಂಜಿನ್ನಿನ ಕೆಲಸ, ಬೊಬ್ಬೆ ಹೊಡೆದುಕೊಂಡು ಹತ್ತುತ್ತೆ.
ಇಳಿಸೋದು ಈ ಅಂಗೈಯಗಲದ ಬಿಲ್ಲೆ.

ಏಳು ವರ್ಷದ ಹಿಂದೆ ನಾನೂ ನಲವತ್ತರದ್ದು ಮಾರಿದೆ.
ಕೊಂಡವನು ನುಗ್ಜಾರ್. ಹಿಡಿಯುತ್ತಾ ಲಮ್ಜಿರಾ, ಅಂತ ಕೇಳಿದ.
ಹಿಡಿಯುತ್ತೆ ಅಂದೆ,
ಸೂರ್ಯಕಾಂತಿ ಬೀಜ ಸುಲಿಯುತ್ತಾ ಅಂದೆ.
ಹಿಡೀತು, ಹದಿನೇಳು ತಿರುವಿನವರೆಗೆ.
ಹದಿನೆಂಟನೆಯದರಲ್ಲಿ ಕಾಲು ಬೆಣ್ಣೆಯೊಳಕ್ಕಿಳಿದಂತೆ ಇಳೀತು.
ಗಾಡಿಯನ್ನು ಬೆಟ್ಟಕ್ಕೇ ಉಜ್ಜಿದ,
ಬಂಡೆಗೆ ಬಾಗಿಲು ತಿನ್ನಿಸಿ ನಿಲ್ಲಿಸಿದ.
ಯಾರೂ ಸಾಯಲಿಲ್ಲ.
ಒಬ್ಬ ಮುದುಕಿಯ ಕುರಿಚರ್ಮದ ಚೀಲದ ಗಿಣ್ಣು ಮಾತ್ರ
ಹಿಂಬಾಗಿಲಿಂದ ಹಾರಿ, ಎಲ್ಲರೂ ನೋಡುನೋಡುತ್ತಿದ್ದಂತೆ,
ಉರುಳಿತಂತೆ, ಉರುಳಿತಂತೆ, ಬಹಳ ಹೊತ್ತು.
ಸದ್ದು ನಿಂತ ಮೇಲೆ ನಕ್ಕರಂತೆ. ಆಮೇಲೆ ಅತ್ತರಂತೆ.

ಅವನು ಬಂದು ಬೈಯಲಿಲ್ಲ.
ಕರಕಲಾದ ನಾಲ್ಕು ಬಿಲ್ಲೆ ಈ ಮೇಜಿನ ಮೇಲಿಟ್ಟ,
ಬಾಕಿ ತೀರಿಸುವವನ ಹಾಗೆ, ಎಣಿಸಿ.
ಅಂದಿನಿಂದ ಎದುರಂಗಡಿ ವಾಝಾನ ಗಿರಾಕಿ.
ಈಗಲೂ ಈ ದಾರೀಲೇ ಹಾಯುತ್ತಾನೆ, ಚೆನ್ನಾಗಿದ್ದೀಯಾ ಅನ್ನುತ್ತಾನೆ.
ಅದೇ ಕಷ್ಟ.

ಇರಲಿ, ನಿನ್ನ ಜೇಬಿನ ಮಾತಿಗೆ ಬರೋಣ.
ನೂರಾ ಐವತ್ತಿದೆ; ಆಗಿನಿಂದ ಎರಡು ಸಲ ಮುಟ್ಟಿ ನೋಡಿಕೊಂಡೆ.
ವೈಪರ್ ಅಗ್ಗದ್ದೇ ತಗೋ, ಹದಿನೈದು ಲರಿ, ಮಳೆಗೆ ಬ್ರ್ಯಾಂಡು ತಿಳಿಯೋಲ್ಲ.
ಬಂಗಾರದ ಬಣ್ಣದ ಆಯಿಲ್ ಕ್ಯಾನು ವಾಝಾ ತೋರಿಸಿದರೆ
ನೋಡು, ಹೊಗಳು, ಕೊಳ್ಳಬೇಡ.
ಬೆಲೆ ಬಾಳಿದ್ದೆಲ್ಲ ಒಳ್ಳೆಯದಲ್ಲ, ಬೆಳ್ಳಗಿರೋದೆಲ್ಲ ಹಾಲಲ್ಲ.
ಹಿಂದಿನ ಡ್ರಮ್ಮಿನ ಲೈನರು ಇನ್ನೊಂದು ಬೇಸಿಗೆ ಬಾಳುತ್ತೆ,
ಈ ಮಂಡಿ ಬಗ್ಗಿಸಿ ನಾನೇ ನೋಡಿದ್ದೀನಿ.
ಮುಂಗಾಲಿಗೆ ಮಾತ್ರ ಚೌಕಾಶಿ ಬೇಡ.
ಹಾಕಿಸಿದ ಮೇಲೆ ಇನ್ನೂರು ಕಿಲೋಮೀಟರು ಮೆಲ್ಲಗೆ ತುಳಿ;
ಹೊಸ ಸಂಬಂಧ, ಡಿಸ್ಕಿಗೂ ಅದಕ್ಕೂ ಪರಿಚಯವಾಗಲಿ.

ಒಳ್ಳೆಯದೂ ಸವೆಯುತ್ತೆ, ಮಗಾ,
ಸವೆಯಲೆಂದೇ ಮಾಡಿದ್ದು ಅದು.
ತೆಳ್ಳಗಾದಾಗ ಕಿರ್ರ್ ಅಂತ ಮುಂಚೆಯೇ ಹೇಳುತ್ತೆ.
ಇನ್ನೊಂದು ಕೊನೇತನಕ ಸುಮ್ಮನಿರುತ್ತೆ.

ತಗೋ, ಐದು ಲರಿ ಚಿಲ್ಲರೆ.
ಏನು, ಆ ಕರೀದೇ?
ಹೂಂ, ರಸೀದಿ ಪುಸ್ತಕ ಗಾಳಿಗೆ ಹಾರದಿರಲಿ ಅಂತ ಇಟ್ಟಿದ್ದೀನಿ.
ಬೇಕಾದರೆ ಮುಟ್ಟು.
ಅದಕ್ಕೂ ದುಡ್ಡಿಲ್ಲ.